ಮನೆಯ ಮೇಲೆ ಫೈರ್‌ಬಾಲ್ ಬಿದ್ದರೆ: ನಾಲ್ಕು ಆಟಗಳು, ಒಂದೇ ನಕ್ಷೆ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಆಡುವ ಕಥೆಯಾಟ. ಮಂತ್ರವಾದಿ ಫೈರ್‌ಬಾಲ್, ಅಂದರೆ ಬೆಂಕಿಯುಂಡೆಯ ಮಂತ್ರ, ಎಸೆದ. ಒಳಗಿದ್ದ ಗಾಬ್ಲಿನ್‌ಗಳೆಲ್ಲ ಸತ್ತವು. ಸರಿ, ಮನೆ ಏನಾಯ್ತು? ಹೆಚ್ಚಿನ ಕಡೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಬದಿಯಡ್ಕದ ಗುಂಪಿನಲ್ಲಿ ಕೇಳುತ್ತಾರೆ. ಆಡುವವರಲ್ಲಿ ಒಬ್ಬರು ಮನೆ ಕಟ್ಟುವ ಮೇಸ್ತ್ರಿ. "ಭಾವ, ಮಾಡು (ಛಾವಣಿ) ನಿಂತಿದೆಯಾ, ಬಿತ್ತಾ?" ಎಂದು ತಿಳಿಯದೆ ಅವರು ಮುಂದಿನ ದಾಳ ಹಾಕುವುದಿಲ್ಲ. ಅವರು ಕೇಳುವುದು ಸರಿ ಎಂದೇ ನನ್ನ ಅಭಿಪ್ರಾಯ. ಗೋಡೆ ಯಾವುದರದ್ದು, ಮಾಡು ಯಾವುದರದ್ದು ಎಂದು ಆಟ ಕೇಳದಿದ್ದರೆ ಅಲ್ಲಿ ಊರೇ ಇರುವುದಿಲ್ಲ, ಬರೀ ಚೌಕ ಇರುತ್ತದೆ.

ಈ ಮಳೆಗಾಲದಲ್ಲಿ ಒಂದೇ ನಕ್ಷೆ ಇಟ್ಟುಕೊಂಡು ನಾಲ್ಕು ಬೇರೆ ನಿಯಮಗಳಲ್ಲಿ ಆಡಿ ನೋಡಿದೆವು. ನಕ್ಷೆಯಲ್ಲಿ ಎರಡು ಕಟ್ಟಡ. ಒಂದು ನಮ್ಮ ಕಡೆಯ ಹಳೇ ಮನೆ: ಒಂದಡಿ ದಪ್ಪದ ಕೆಂಪುಕಲ್ಲಿನ ಗೋಡೆ, ಮಾಡನ್ನು ಹೊರುವ ಮರದ ಪಕ್ಕಾಸು, ರೀಪು, ಮೇಲೆ ಮಂಗಳೂರು ಹಂಚು. ಇನ್ನೊಂದು, ಬೇಕಲ ಕೋಟೆಯನ್ನು ಮನಸ್ಸಿನಲ್ಲಿಟ್ಟು ಬರೆದ ಕೋಟೆ. ಅದರ ಗೋಡೆ ಮೂರಡಿ ದಪ್ಪ.

ಮೊದಲು ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿ. ಹೆಚ್ಚಿನವರು ಕಲಿತದ್ದು ಇದನ್ನೇ, ಅಲ್ವಾ? ಫೈರ್‌ಬಾಲ್ ಇಲ್ಲಿ 20 ಅಡಿ ತ್ರಿಜ್ಯದ ಗೋಳ, ಪೆಟ್ಟು ಆರು ಮುಖದ ಎಂಟು ದಾಳಗಳ ಮೊತ್ತ. ಆದರೆ ಆ ಪೆಟ್ಟು ಜೀವಿಗಳಿಗೆ ಮಾತ್ರ. ಕಟ್ಟಡದ ಬಗ್ಗೆ ಇರುವುದು ಒಂದೇ ಮಾತು: ಹೊತ್ತಿಕೊಳ್ಳುವ ವಸ್ತು ಹೊತ್ತಿಕೊಳ್ಳುತ್ತದೆ. ಅಂದರೆ ಕೆಂಪುಕಲ್ಲಿಗೆ ಏನೂ ಆಗುವುದಿಲ್ಲ, ಒಳಗಿನಿಂದ ಪಕ್ಕಾಸಿಗೆ ಬೆಂಕಿ ಹಿಡಿಯುತ್ತದೆ. ಇಷ್ಟು ಚೆನ್ನಾಗಿದೆ. ಆ ಬೆಂಕಿ ಎಷ್ಟು ಹೊತ್ತಿಗೆ ಮಾಡನ್ನು ಕೆಡವುತ್ತದೆ ಎಂಬುದು ಮಾತ್ರ ಮಂತ್ರದಲ್ಲಿಲ್ಲ.

ತೊಂದರೆ ಶುರುವಾಗುವುದು ಸದ್ದಿನಿಂದ ಒಡೆಯುವ ಶಾಟರ್ ಮಂತ್ರದಲ್ಲಿ. ಎರಡನೇ ಹಂತದ ಸಣ್ಣ ಮಂತ್ರ, ಎಂಟು ಮುಖದ ಮೂರು ದಾಳ, ವಸ್ತುಗಳಿಗೂ ಪೆಟ್ಟು. ದೊಡ್ಡ ಕಟ್ಟಡವನ್ನು ತುಂಡು ತುಂಡಾಗಿ ಲೆಕ್ಕ ಹಾಕಿ ಎನ್ನುತ್ತದೆ ನಿಯಮ. ಹತ್ತಡಿ ಅಗಲದ ಗಟ್ಟಿ ತುಂಡಿಗೆ ಸರಾಸರಿ 27 ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ತಿಂದರೆ ಒಡೆಯುತ್ತದೆ. ಎರಡು ಶಾಟರ್‌ನ ಸರಾಸರಿಯೂ 27! ಮೂರಡಿ ದಪ್ಪದ ಕೋಟೆ ಗೋಡೆ ಎರಡು ಸಲಕ್ಕೆ ಬಾಯಿ ತೆರೆಯಿತು. ಇದನ್ನು ತಡೆಯಲು ಡ್ಯಾಮೇಜ್ ಥ್ರೆಶೋಲ್ಡ್ ಇದೆ, ಸಂಖ್ಯೆ ಎಷ್ಟು ಎಂದು ಆಟ ನಡೆಸುವ ಡಂಜನ್ ಮಾಸ್ಟರೇ ನಿರ್ಧರಿಸಬೇಕು. ಅದೂ ಗೇಟಿನ ಹಾಗೆ ಕೆಲಸ ಮಾಡುತ್ತದೆ: ದಾಟದ ಪೆಟ್ಟು ಪೂರ್ತಿ ಹೊರಗೆ, ದಾಟಿದ ಪೆಟ್ಟು ಪೂರ್ತಿ ಒಳಗೆ.

ನನಗೆ ತುಂಬಾ ಇಷ್ಟವಾದದ್ದು ಅದೇ ಆಟದ 2003ರ ಮೂರೂವರೆ (3.5) ಆವೃತ್ತಿ. ಇಲ್ಲಿ ವಸ್ತುವಿಗೆ ಹಾರ್ಡ್‌ನೆಸ್ ಎಂಬ ಸಂಖ್ಯೆ ಇದೆ, ಪ್ರತಿ ಪೆಟ್ಟಿನಿಂದಲೂ ಅಷ್ಟನ್ನು ಕಳೆಯಬೇಕು. ಮರಕ್ಕೆ 5, ಕಲ್ಲಿಗೆ 8, ಕಬ್ಬಿಣಕ್ಕೆ 10. ದಪ್ಪಕ್ಕೂ ಬೆಲೆ ಇದೆ: ಇಂಚಿಗೆ ಮರಕ್ಕೆ 10 ಹಿಟ್ ಪಾಯಿಂಟ್, ಕಲ್ಲಿಗೆ 15. ಅದಕ್ಕಿಂತ ಮುಖ್ಯವಾಗಿ, ಯಾವ ಶಕ್ತಿ ವಸ್ತುವಿಗೆ ಎಷ್ಟು ತಾಗುತ್ತದೆ ಎಂದು ಹೇಳಿದೆ. ಆಸಿಡ್ ಮತ್ತು ಸದ್ದಿನ ಪೆಟ್ಟು ಪೂರ್ತಿ. ಬೆಂಕಿ, ಮಿಂಚು ಅರ್ಧ. ಚಳಿ ಕಾಲು ಭಾಗ.

ಲೆಕ್ಕ ಹಾಕಿ ನೋಡಿ. ಆರು ಮುಖದ ಹತ್ತು ದಾಳದ ಫೈರ್‌ಬಾಲ್‌ನ ಸರಾಸರಿ 35. ಅರ್ಧ ಮಾಡಿ ಚಿಲ್ಲರೆ ಬಿಟ್ಟರೆ 17, ಕಲ್ಲಿನ 8 ಕಳೆದರೆ 9. ಒಂದಡಿ ದಪ್ಪದ ಇಟ್ಟಿಗೆ ಅಥವಾ ಕಲ್ಲಿನ ಕಟ್ಟಣೆಗೆ (ಅಖಂಡ ಕಲ್ಲಲ್ಲ, ಹಾಗಾಗಿ ಇಂಚಿಗೆ 15ರ ಲೆಕ್ಕ ಇದಕ್ಕಿಲ್ಲ) 90 ಹಿಟ್ ಪಾಯಿಂಟ್, ಅಂದರೆ ಹತ್ತು ಫೈರ್‌ಬಾಲ್ ಬೇಕು. ಮೂರಡಿಯ ಅಖಂಡ ಕಲ್ಲಿಗೆ 540, ಅಂದರೆ ಅರುವತ್ತು. ಭೂಕಂಪದ ಮಂತ್ರ 100 ಪೆಟ್ಟು ಕೊಡುತ್ತದೆ, ಅದಕ್ಕೆ ಹಾರ್ಡ್‌ನೆಸ್ ಅಡ್ಡ ಬರುವುದಿಲ್ಲ. ಮನೆ ಕುಸಿಯಿತು, ಕೋಟೆ ನಿಂತಿತು. ಐದನೇ ಆವೃತ್ತಿಯ ಭೂಕಂಪ ಪ್ರತಿ ಸರದಿಗೆ 50ರಂತೆ ಒಂದು ನಿಮಿಷ ನಡೆಯುತ್ತದೆ, ಅಲ್ಲಿ ಎರಡೂ ಉಳಿಯಲಿಲ್ಲ.

ಮಾಡಿನ ವಿಷಯಕ್ಕೆ ಬಂದರೆ ಮೂರೂವರೆಯ ಶಾಟರ್ ಅದ್ಭುತ. ಅದು ಗೋಡೆಯ ತಂಟೆಗೆ ಹೋಗುವುದಿಲ್ಲ. ಐದಡಿ ತ್ರಿಜ್ಯದೊಳಗೆ ಗಾಜು, ಪಿಂಗಾಣಿ, ಸುಟ್ಟ ಮಣ್ಣಿನ ಸಾಮಾನುಗಳನ್ನು ಪುಡಿ ಮಾಡುತ್ತದೆ. ತೂಕದ ಮಿತಿ, ಮಂತ್ರವಾದಿಯ ಒಂದು ಲೆವೆಲ್‌ಗೆ ಒಂದು ಪೌಂಡ್. ಮಂಗಳೂರು ಹಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ಹಾಗಾದರೆ ಏಳನೇ ಲೆವೆಲ್‌ನವನು ಮಾಡಿನಲ್ಲಿ ತೂತು ಮಾಡಬಲ್ಲ, ಪಕ್ಕಾಸು ಹಾಗೇ ಇರುತ್ತದೆ. ನಮ್ಮ ಕಳ್ಳ ಆ ತೂತಿನಿಂದಲೇ ಇಳಿದ. ಹೊರಗಿನಿಂದ ಬಂದ ಫೈರ್‌ಬಾಲ್ ಕೂಡ ಅಡ್ಡ ಇದ್ದದ್ದನ್ನು ಒಡೆದರೆ ಆಚೆಗೆ ದಾಟಬಹುದು. ಹಂಚು ತಡೆಯುತ್ತದೋ ಇಲ್ಲವೋ ಎಂಬುದಕ್ಕೆ ಇಲ್ಲಿ ಉತ್ತರ ಇದೆ. ಗುಣಿಸಿ ಭಾಗಿಸುವ ಕೆಲಸ ಜಾಸ್ತಿ, ಒಪ್ಪುತ್ತೇನೆ. ಮೇಸ್ತ್ರಿಯವರಿಗೆ ಅದೇ ಖುಷಿ.

ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ 1989ರ ಎರಡನೇ ಆವೃತ್ತಿಯ ಒಂದು ನಿಯಮವನ್ನೂ ಇಲ್ಲಿ ನೆನೆಯಬೇಕು. ಅಲ್ಲಿ ಫೈರ್‌ಬಾಲ್ ಜಾಗ ಸಿಕ್ಕಷ್ಟು ತುಂಬಿಕೊಳ್ಳುತ್ತಿತ್ತು, ಸುಮಾರು 33,000 ಘನ ಅಡಿ. ಚಿಕ್ಕ ಕೋಣೆಯಲ್ಲಿ ಸಿಡಿದರೆ ಬೆಂಕಿ ಚಾವಡಿ ದಾಟಿ ಜಗಲಿಯವರೆಗೆ ನುಗ್ಗುತ್ತದೆ. ಮನೆಯೊಳಗೆ ಎಸೆಯುವವನು ಎರಡು ಸಲ ಯೋಚಿಸಬೇಕಿತ್ತು. ಅದನ್ನು ಕೈಬಿಟ್ಟದ್ದು ನಷ್ಟವೇ.

ಪಾತ್‌ಫೈಂಡರ್ ಎಂಬ ಇನ್ನೊಂದು ಆಟದ ಎರಡನೇ ಆವೃತ್ತಿಯಲ್ಲೂ ಹಾರ್ಡ್‌ನೆಸ್ ಇದೆ. ಪೂರ್ತಿ ನಾಶವಾಗುವ ಮೊದಲು 'ಮುರಿದಿದೆ' ಎಂಬ ನಡುವಿನ ಸ್ಥಿತಿ ಇರುವುದು ಒಳ್ಳೆಯದು, ಬಾಗಿಲುಗಳಿಗೆ ಬಹಳ ಉಪಯೋಗ. ಫೈರ್‌ಬಾಲ್‌ನಿಂದ ಗೋಡೆಗೆ ಏನಾಗಬೇಕು ಎಂಬುದನ್ನು ಮಾತ್ರ ಪ್ರತಿ ಸಲ ನಾವೇ ಮಾತಾಡಿ ತೀರ್ಮಾನಿಸಬೇಕಾಯಿತು.

ನಾಲ್ಕನೆಯ ಆಟ ಫೇಟ್, ಅದರದ್ದು ಬೇರೆಯೇ ದಾರಿ. ಇಂಚು, ಅಡಿ ಏನೂ ಇಲ್ಲ. 'ಮಾಡಿಗೆ ಬೆಂಕಿ ಬಿದ್ದಿದೆ' ಎಂದು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡುತ್ತೀರಿ. ಆಮೇಲೆ ಯಾರು ಬೇಕಾದರೂ ಅದನ್ನು ಬಳಸಬಹುದು. ಬೆಂಕಿಯನ್ನೇ ಒಂದು ಪಾತ್ರ ಮಾಡಿ ಅದಕ್ಕೂ ಸರದಿ ಕೊಡಬಹುದು. ನಾವು ಹಾಗೇ ಮಾಡಿದೆವು. ಬೆಂಕಿ ಅಟ್ಟದ ಅಡಿಕೆ ಮೂಟೆಗಳ ಕಡೆ ಹೊರಟಾಗ ಎಲ್ಲರೂ ಹೋರಾಟ ಬಿಟ್ಟು ಬಾವಿಗೆ ಓಡಿದರು. ಆ ಹೊತ್ತಿನ ಬಿಸಿ ಸಂಖ್ಯೆಗಳಲ್ಲಿ ಸಿಗಲಿಲ್ಲ. ಆದರೆ ಕೋಟೆಗೆ ಮುತ್ತಿಗೆ ಹಾಕಿದಾಗ ಇದು ಸಾಲಲಿಲ್ಲ. ಗೋಡೆ ಇನ್ನೆಷ್ಟು ತಡೆದೀತು ಎಂದು ಕಾವಲಿನವರಿಗೆ ಗೊತ್ತಾಗಬೇಕಲ್ಲ?

ಈಗ ನಮ್ಮ ಮೇಜಿನಲ್ಲಿ ಐದನೇ ಆವೃತ್ತಿಯೇ ನಡೆಯುತ್ತಿದೆ, ಹೊಸಬರು ಇದ್ದಾರೆ. ಕಟ್ಟಡಗಳಿಗೆ ಮಾತ್ರ ಮೂರೂವರೆಯ ಹಾರ್ಡ್‌ನೆಸ್ ಮತ್ತು ಅರ್ಧ ಬೆಂಕಿಯ ನಿಯಮ. ಕೆಂಪುಕಲ್ಲಿಗೆ 8ರ ಬದಲು 6 ಇಟ್ಟಿದ್ದೇವೆ. ಹೊಸದಾಗಿ ಕಡಿದ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿ ಕಟ್ಟುತ್ತಿರುವ ಗೋಡೆಗೆ 4 ಸಾಕು ಎಂದು ಮೇಸ್ತ್ರಿ ಹೇಳಿದರು, ಅದನ್ನೂ ಬರೆದುಕೊಂಡೆವು. ಪಕ್ಕಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋದರೆ ಮಾಡು ಒಳಗೆ ಕುಸಿಯುತ್ತದೆ, ಗೋಡೆ ಎಷ್ಟೇ ಗಟ್ಟಿ ಇರಲಿ.