ಯಾಶಿಕಾ ಎಲೆಕ್ಟ್ರೊ 35 ಜಿಎಸ್‌ಎನ್: ನಾಲ್ಕು ವರ್ಷ, ಮೂವತ್ತೊಂದು ರೀಲು

ಮೊದಲು ದುಡ್ಡಿನ ಮಾತು. ಕ್ಯಾಮೆರಾಗೆ ಕೊಟ್ಟಿದ್ದು 7,500 ರೂಪಾಯಿ. ಅದನ್ನು ಸರಿ ಮಾಡಿಸಲು 3,800. ಈ ನಾಲ್ಕು ವರ್ಷದಲ್ಲಿ ರೀಲಿಗೆ, ತೊಳೆಸಲು, ಸ್ಕ್ಯಾನ್ ಮಾಡಿಸಲು ಎಷ್ಟು ಹೋಯಿತು ಅಂತ ಮನೆಯಲ್ಲಿ ಕೇಳಿದರೆ ನಾನು ಕಾಫಿ ಆಯ್ತಾ ಅಂತ ಕೇಳುತ್ತೇನೆ. ಹಳೇ ಫಿಲ್ಮ್ ಕ್ಯಾಮೆರಾ ಸಸ್ತಾ ಸಿಗುತ್ತೆ ಅಂತ ಆಸೆಪಟ್ಟವರು ಈ ಮೂರನೇ ಲೆಕ್ಕವನ್ನು ಮೊದಲು ಹಾಕಿ ನೋಡಿ.

ತುಮಕೂರಿನಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಆಧಾರ್ ಪ್ರತಿ, ಪಹಣಿ ಪ್ರತಿ, ಬಾಡಿಗೆ ಕರಾರು, ಗೃಹಪ್ರವೇಶದ ಕಾರ್ಡು. ಕಣ್ಣೆದುರು ಯಾವಾಗಲೂ ಒಂದು ಸ್ಕ್ರೀನ್. 2021ರಲ್ಲಿ ಶಟರ್ ಅರ್ಧ ಎಳೆದುಕೊಂಡು ಕೂತಿದ್ದ ದಿನಗಳಲ್ಲಿ, ಸ್ಕ್ರೀನ್ ಇಲ್ಲದ ಕ್ಯಾಮೆರಾ ಬೇಕು ಅನ್ನೋ ಹುಚ್ಚು ಹತ್ತಿತು. ಅದರಲ್ಲೂ ರೇಂಜ್‌ಫೈಂಡರೇ ಬೇಕು, ಅಂದರೆ ಲೆನ್ಸಿನ ಮೂಲಕ ಅಲ್ಲದೆ ಬೇರೆ ಕಿಂಡಿಯಲ್ಲಿ ನೋಡಿ ಫೋಕಸ್ ಮಾಡುವ ಕ್ಯಾಮೆರಾ. ಲೆನ್ಸಿನ ಮೂಲಕವೇ ನೋಡುವ ಹಳೇ ಎಸ್‌ಎಲ್‌ಆರ್‌ ಕ್ಯಾಮೆರಾದಲ್ಲಿ ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಫಟ್ ಅಂತ ಎದ್ದು ಬೀಳುತ್ತದೆ, ಎದುರಿಗಿದ್ದವರು ತಿರುಗಿ ನೋಡುತ್ತಾರೆ. ರೇಂಜ್‌ಫೈಂಡರ್‌ನಲ್ಲಿ ಆ ಕನ್ನಡಿಯೇ ಇಲ್ಲ. ನನಗೆ ತೆಗೆಯಬೇಕಿದ್ದದ್ದು ಜನರನ್ನು, ಅದೂ ಅವರ ಪಾಡಿಗೆ ಅವರಿದ್ದಾಗ.

ಹೊಸದನ್ನೇ ಕೊಳ್ಳುತ್ತೇನೆ ಅಂದರೆ ದಾರಿ ಜಾಸ್ತಿ ಇಲ್ಲ. ಲೈಕಾದವರು 1984ರ ತಮ್ಮ ಎಂ6 ಅನ್ನು 2022ರಲ್ಲಿ ಮತ್ತೆ ಹೊರತಂದರು. ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ ಬಾಡಿಯ ಬೆಲೆಯೇ ಅಮೆರಿಕದಲ್ಲಿ 5,000 ಡಾಲರ್ ಮೇಲೆ. ಅಷ್ಟು ದುಡ್ಡಿದ್ದರೆ ಅಂಗಡಿಗೆ ಇನ್ನೊಂದು ದೊಡ್ಡ ಮಿಷನ್ ತರುತ್ತೇನೆ. 2024ರಲ್ಲಿ ಪೆಂಟಾಕ್ಸ್ 17 ಬಂದಾಗ ಸ್ನೇಹಿತರು 'ನೋಡೋ, ಹೊಸದು ಬಂತು' ಅಂದರು. ಆದರೆ ಅದು ಅರ್ಧ ಫ್ರೇಮಿನದು, ಅಂದರೆ ಒಂದು ಫೋಟೋ ಜಾಗದಲ್ಲಿ ಎರಡು ತೆಗೆಯುವಂಥದ್ದು, ರೇಂಜ್‌ಫೈಂಡರ್ ಅಲ್ಲ. ಹಾಗಾಗಿ ನಮ್ಮಂಥವರಿಗೆ ಉಳಿಯುವುದು ಅರವತ್ತು-ಎಪ್ಪತ್ತರ ದಶಕದ ಜಪಾನಿ ಕ್ಯಾಮೆರಾಗಳೇ.

ಅಂಥದ್ದೇ ಒಂದು ನಾನು ಕೊಂಡ ಯಾಶಿಕಾ. ಎಲೆಕ್ಟ್ರೊ 35 ಮೊದಲು ಬಂದದ್ದು 1966ರಲ್ಲಿ, ಅದರದೇ ಮಾದರಿಯಾದ ನನ್ನ ಜಿಎಸ್‌ಎನ್ ಬಂದದ್ದು 1973ರಲ್ಲಿ. 45 ಎಂಎಂ, ಎಫ್/1.7 ಲೆನ್ಸ್. ಬಿಚ್ಚಲು ಬರುವುದಿಲ್ಲ. ತೂಕ ಹೆಚ್ಚುಕಡಿಮೆ ಮುಕ್ಕಾಲು ಕೆಜಿ, ಕುತ್ತಿಗೆಗೆ ಹಾಕಿಕೊಂಡರೆ ಸಂಜೆಗೆ ಗೊತ್ತಾಗುತ್ತದೆ. ಮೈಮೇಲೆ ಪರಮಾಣುವಿನ ಗುರುತು ಇದೆ. ನಮ್ಮ ಹುಡುಗ ಅದನ್ನು ನೋಡಿ 'ಅಪ್ಪಾ, ಇದು ಇಸ್ರೋದವರದಾ?' ಅಂದ.

ಮಾರಿದವರು ಬೆಂಗಳೂರಿನವರು. 'ಫುಲ್ ವರ್ಕಿಂಗ್ ಸಾರ್, ಲೆನ್ಸ್ ಗಾಜಿನ ಥರ ಇದೆ' ಅಂದರು. ಲೆನ್ಸ್ ಗಾಜಿನದೇ, ಅದರಲ್ಲಿ ಸುಳ್ಳಿಲ್ಲ. ಮೊದಲನೇ ರೀಲು ತೊಳೆಸಿದಾಗ ಮೂವತ್ತಾರರಲ್ಲಿ ಒಂಬತ್ತು ಮಾತ್ರ ಸರಿ ಬಂದಿದ್ದವು. ತಪ್ಪು ನನ್ನದೇ ಅಂದುಕೊಂಡು ಇನ್ನೊಂದು ರೀಲು ದಂಡ ಮಾಡಿದೆ. ಆಮೇಲೆ ತಿಳಿಯಿತು, ಈ ಕ್ಯಾಮೆರಾಗೆ ಒಂದು ಹೆಸರುವಾಸಿ ಕಾಯಿಲೆ ಇದೆ ಅಂತ. ರೀಲು ಮುಂದಕ್ಕೆ ಸರಿಸುವ ಲಿವರ್ ಎಳೆದಾಗ ಕೊನೆಯಲ್ಲಿ ಒಳಗಿನಿಂದ 'ಟಕ್' ಅಂತ ಒಂದು ಗಟ್ಟಿ ಸದ್ದು ಬರಬೇಕು. ಬರದಿದ್ದರೆ ಒಳಗಿರುವ ಒಂದು ಚಿಕ್ಕ ರಬ್ಬರ್ ಪ್ಯಾಡ್ ವಯಸ್ಸಾಗಿ ಪುಡಿಯಾಗಿದೆ ಅಂತ ಅರ್ಥ. ಆಗ ಶಟರ್ ತನ್ನ ಲೆಕ್ಕ ತಪ್ಪುತ್ತದೆ. ಬಳಸುವವರು ಇದಕ್ಕೆ 'ಪ್ಯಾಡ್ ಆಫ್ ಡೆತ್' ಅಂತಲೇ ಹೆಸರಿಟ್ಟಿದ್ದಾರೆ. ನನ್ನದರಲ್ಲಿ ಟಕ್ ಇರಲಿಲ್ಲ. ಇರಬೇಕು ಅಂತಲೇ ನನಗೆ ಗೊತ್ತಿರಲಿಲ್ಲವಲ್ಲ, ಯಾರನ್ನು ಬೈಯೋದು?

ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಒಂದು ಮಹಡಿ ಮೆಟ್ಟಿಲ ಕೆಳಗೆ ಕೂತು ಕೆಲಸ ಮಾಡುವ ವಯಸ್ಸಾದ ರಿಪೇರಿಯವರು. ಕ್ಯಾಮೆರಾ ಕೈಗೆ ತೆಗೆದುಕೊಂಡು, ಕಿವಿ ಹತ್ತಿರ ಹಿಡಿದು, ಒಂದು ಸಲ ಲಿವರ್ ಎಳೆದರು. ಅಷ್ಟೇ, ಕೆಳಗಿಟ್ಟರು. 'ಪ್ಯಾಡ್ ಹೋಗಿದೆ. ಇದರ ಮೇಲೆ ಯಾರೋ ಎಣ್ಣೆ ಬೇರೆ ಬಿಟ್ಟಿದ್ದಾರೆ. ಎಣ್ಣೆ ಬಿಡೋಕೆ ಇದೇನು ಹೊಲಿಗೆ ಮಿಷನ್ನಾ ಸ್ವಾಮಿ?' ಲೆನ್ಸಿನ ಒಳಗಿರುವ ಶಟರ್ ಎಲೆಗಳಿಗೆ ಎಣ್ಣೆ ತಾಗಿದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹದಿನೈದು ದಿನ ಬಿಟ್ಟು ಬರಲು ಹೇಳಿದರು. ಎರಡು ತಿಂಗಳಾಯಿತು, ಅದು ಬೇರೆ ಮಾತು. ಪ್ಯಾಡ್ ಹೊಸದು ಹಾಕಿ, ಶಟರ್ ತೊಳೆದು, ಹಿಂಬಾಗಿಲಿನ ಸುತ್ತ ಜಿನುಗು ಬೆಲ್ಲದ ಹಾಗೆ ಕರಗಿದ್ದ ಫೋಮ್ ಕೆರೆದು ಹೊಸದು ಅಂಟಿಸಿಕೊಟ್ಟರು. ಅವತ್ತಿನಿಂದ ಇವತ್ತಿನವರೆಗೆ ಟಕ್ ನಿಂತಿಲ್ಲ.

ಬ್ಯಾಟರಿ ಇನ್ನೊಂದು ಕತೆ. ಇದಕ್ಕೆ ಮೊದಲು ಹಾಕುತ್ತಿದ್ದದ್ದು 5.6 ವೋಲ್ಟಿನ ಪಾದರಸದ ಬ್ಯಾಟರಿ. ಅದನ್ನು ಈಗ ಯಾರೂ ಮಾಡುವುದಿಲ್ಲ. 6 ವೋಲ್ಟ್ ಕೊಟ್ಟರೂ ಈ ಕ್ಯಾಮೆರಾ ಬೇಜಾರು ಮಾಡಿಕೊಳ್ಳುವುದಿಲ್ಲ. ಅಡಾಪ್ಟರ್ ಕೊಂಡರೆ ಆಯಿತು. ನಾನು ಕೊಳ್ಳಲಿಲ್ಲ. ವಾಚ್ ಅಂಗಡಿಯಲ್ಲಿ ಸಿಗುವ ಎಲ್‌ಆರ್44 ಬಿಲ್ಲೆ ನಾಲ್ಕು ತಂದು ಒಂದರ ಮೇಲೊಂದು ಇಟ್ಟೆ. ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿ ಉಳಿದ ಚೂರು ಬೇಕಾದಷ್ಟಿರುತ್ತೆ. ಅದನ್ನು ಕೊಳವೆ ಹಾಗೆ ಸುತ್ತಿ ಬಿಲ್ಲೆಗಳನ್ನು ಅದರೊಳಗೆ ಇಳಿಸಿದೆ. ಉಳಿದ ಜಾಗಕ್ಕೆ ಹಳೇ ಟಾರ್ಚಿನ ಸ್ಪ್ರಿಂಗ್. ಇಂಥ ಒಂದು ಜೋಡಣೆ ನನಗೆ ವರ್ಷದ ಮೇಲೆ ಬರುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ಶಟರ್ 1/500 ಸೆಕೆಂಡಿನಲ್ಲಿ ಮಾತ್ರ ಓಡುತ್ತದೆ, ಬೇರೆ ವೇಗ ಸಿಗುವುದಿಲ್ಲ. ಮೆಕ್ಯಾನಿಕಲ್ ಕ್ಯಾಮೆರಾ, ಬ್ಯಾಟರಿ ಇಲ್ಲದೆಯೂ ನಡೆಯುತ್ತೆ ಅಂತ ಯಾರಾದರೂ ಇದನ್ನು ಮಾರಲು ಬಂದರೆ ನಂಬಬೇಡಿ.

ಇನ್ನು ಕೆಲಸದ ರೀತಿ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ತೂತಿನ ಅಗಲ, ನೀವು ಇಡಬೇಕು (ಎಫ್ ಸಂಖ್ಯೆ ಹೆಚ್ಚಾದಷ್ಟೂ ತೂತು ಚಿಕ್ಕದು), ಶಟರ್ ವೇಗ ಕ್ಯಾಮೆರಾ ನೋಡಿಕೊಳ್ಳುತ್ತದೆ. ಎಷ್ಟು ವೇಗ ಇಟ್ಟಿತು ಅಂತ ನಿಮಗೆ ಹೇಳುವುದೂ ಇಲ್ಲ. ಬೆಳಕು ಅತಿಯಾದರೆ ಕೆಂಪು ದೀಪ, ಕಡಿಮೆಯಾಗಿ ಕೈ ಅಲುಗುವ ಹಂತಕ್ಕೆ ಬಂದರೆ ಹಳದಿ ದೀಪ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ 400ರ ರೀಲು (ಸಂಖ್ಯೆ ಹೆಚ್ಚಿದಷ್ಟೂ ರೀಲು ಬೆಳಕಿಗೆ ಸೂಕ್ಷ್ಮ) ಹಾಕಿ ಹೊರಗೆ ಹೋದರೆ ಎಫ್/16ಕ್ಕೆ ತಿರುಗಿಸುವವರೆಗೂ ಕೆಂಪು ದೀಪ ಆರುವುದಿಲ್ಲ, ಯಾಕೆಂದರೆ ಇದರ ಮೇಲಿನ ಮಿತಿ 1/500. ಹಗಲಿಗೆ 100 ಅಥವಾ 200ರ ರೀಲೇ ಸರಿ. ಬೆನ್ನಿಗೆ ಬೆಳಕಿರುವವರನ್ನು ತೆಗೆಯುವಾಗ ಮುಖ ಕಪ್ಪಾಗುತ್ತದೆ. ಆಗ ರೀಲಿನ ಸಂಖ್ಯೆ ಇಡುವ ಎಎಸ್‌ಎ ಡಯಲ್ 400ರಿಂದ 200ಕ್ಕೆ ಇಳಿಸಿ ತೆಗೆದು, ಮತ್ತೆ 400ಕ್ಕೆ ತರಬೇಕು. ಮತ್ತೆ ತರುವುದನ್ನು ನಾನು ಮರೆಯುತ್ತೇನೆ. ಪ್ರತಿ ಸಲ.

ಫೋಕಸ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಈ ಕ್ಯಾಮೆರಾ ಕೊಳ್ಳೋದೇ ಅದಕ್ಕೆ. ಕಿಂಡಿಯಲ್ಲಿ ನೋಡಿದರೆ ನಡುವೆ ಒಂದು ಹಳದಿ ಮಚ್ಚೆ. ಅದರೊಳಗೆ ಎಲ್ಲವೂ ಎರಡೆರಡು ಕಾಣುತ್ತದೆ. ಮುಂಭಾಗದ ಎರಡು ಕಿಂಡಿಗಳಿಂದ ಬಂದ ಎರಡು ಬಿಂಬ ಅವು. ಲೆನ್ಸಿನ ಉಂಗುರ ತಿರುಗಿಸಿ ಎರಡನ್ನೂ ಒಂದು ಮಾಡಿದರೆ ಫೋಕಸ್ ಆಯಿತು. ಹೇಳಲು ಸುಲಭ. ಮೊದಲ ಮೂರು ತಿಂಗಳು ನಾನು ಉಂಗುರ ತಿರುಗಿಸುತ್ತಿದ್ದ ಹೊತ್ತಿಗೆ ಎದುರಿಗಿದ್ದವರು ಬಸ್ ಹತ್ತಿ ಹೋಗಿರುತ್ತಿದ್ದರು.

ನಮ್ಮ ಅಂಗಡಿ ಪಕ್ಕದಲ್ಲಿ ಸಂಜೆ ಹೊತ್ತು ಒಬ್ಬ ಅಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಯಾರಾದರೂ ಮಾರು ಹೂವು ಕೇಳಿದರೆ ಎರಡೂ ಕೈ ಅಗಲ ಚಾಚಿ ಅಳೆಯುತ್ತಾರೆ. ಗಿರಾಕಿ ಮುಖ ನೋಡಿ ಕೊನೆಯಲ್ಲಿ ನಾಲ್ಕು ಬೆರಳು ಜಾಸ್ತಿ ಬಿಡುತ್ತಾರೆ ಅಥವಾ ಬಿಡುವುದಿಲ್ಲ. ಅವರನ್ನು ನೋಡುತ್ತಾ ನನಗೆ ಹೊಳೆಯಿತು. ನನ್ನ ಮಾರು ಸುಮಾರು 1.7 ಮೀಟರ್. ಲೆನ್ಸನ್ನು ಅಲ್ಲಿಗೆ ತಿರುಗಿಸಿ ಬಿಟ್ಟುಬಿಡೋದು, ಅಪರ್ಚರ್ ಎಫ್/8ರಲ್ಲಿ ಇಡೋದು, ಜನರಿಂದ ಒಂದು ಮಾರು ದೂರದಲ್ಲಿ ನಿಲ್ಲೋದು. ಹಿಂದೆ ಮುಂದೆ ಅರ್ಧ ಮೊಳದಷ್ಟು ಹೆಚ್ಚುಕಡಿಮೆಯಾದರೂ ಚಿತ್ರ ಸ್ಪಷ್ಟವಾಗಿಯೇ ಬರುತ್ತದೆ. ಈಗ ಹಗಲು ಹೊತ್ತು ಹಳದಿ ಮಚ್ಚೆ ನೋಡುವುದೇ ಅಪರೂಪ. ಕತ್ತಲಾದ ಮೇಲೆ, ಎಫ್/1.7ಕ್ಕೆ ತೆರೆದಾಗ, ಈ ಲೆಕ್ಕ ನಡೆಯುವುದಿಲ್ಲ. ಆಗ ಮಚ್ಚೆಯೇ ಗತಿ. ಅವರು ಮಾರು ಅಳೆಯುವ ಚಿತ್ರವನ್ನು ಅಂಗಡಿ ಟ್ಯೂಬ್‌ಲೈಟ್ ಬೆಳಕಿನಲ್ಲಿ, ಅವರ ಬಲಗೈ ಬೆರಳಿಗೆ ಫೋಕಸ್ ಮಾಡಿ ತೆಗೆದೆ. ಶಟರ್ ಸದ್ದು ಎಷ್ಟು ಮೆಲ್ಲಗೆ ಅಂದರೆ ಅವರು ತಲೆ ಎತ್ತಲಿಲ್ಲ. ಈ ನಾಲ್ಕು ವರ್ಷದಲ್ಲಿ ನಾನು ತೆಗೆದ ಒಳ್ಳೇ ಫೋಟೋ ಅದೇ. ಬೆರಳ ಸಂದಿಯ ನಾರು ಕೂಡ ಕಾಣುತ್ತದೆ.

ಪ್ರಿಂಟ್ ಹಾಕಿ ಕೊಟ್ಟೆ. ಇಲ್ಫರ್ಡ್ ಎಚ್‌ಪಿ5, ಕಪ್ಪು ಬಿಳುಪು. ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. 'ಚೆನ್ನಾಗೈತೆ. ಆದ್ರೆ ಹೂವಿಗೆ ಬಣ್ಣಾನೇ ಇಲ್ವಲ್ಲಣ್ಣ. ಕನಕಾಂಬರ ಯಾವ್ದು, ಮರುಗ ಯಾವ್ದು?' ನಿಜವೇ. ಕೇಸರಿಯೂ ಹಸಿರೂ ಒಂದೇ ಬೂದು ಆಗಿಬಿಟ್ಟಿದ್ದವು.

ರೀಲಿನ ವಿಷಯ. ನಮ್ಮ ಕಡೆ ಫಿಲ್ಮ್‌ಗೆ ರೀಲು ಅಂತಲೇ ಅನ್ನೋದು. ಹೋದ ವರ್ಷ ಅಂಗಡಿ ಹುಡುಗನಿಗೆ 'ಇವತ್ತು ರೀಲ್ ಹಾಕಿದೀನಿ ಕಣೋ' ಅಂದೆ. ಅವನು ಫೋನ್ ತೆಗೆದು 'ಯಾವ ಐಡಿ ಅಣ್ಣ?' ಅಂದ. ಒಂದು ಕಾಲಕ್ಕೆ ಊಟಿಯ ಹಿಂದೂಸ್ಥಾನ್ ಫೋಟೊ ಫಿಲಮ್ಸ್‌ನವರ 'ಇಂದು' ರೀಲು ನಮ್ಮಲ್ಲೇ ತಯಾರಾಗುತ್ತಿತ್ತು. ಆ ಕಾರ್ಖಾನೆ ಮುಚ್ಚಿತು. ಈಗ ನಾನು ಹಾಕುವ ರೀಲೆಲ್ಲ ಹೊರಗಿನದು. ಕಲರ್ ರೀಲು ಕೊನೆಗೆ ತರಿಸಿದಾಗ 1,100 ರೂಪಾಯಿ ಬಿತ್ತು. ತೊಳೆದು ಸ್ಕ್ಯಾನ್ ಮಾಡಿಕೊಡಲು ಬೆಂಗಳೂರಿನ ಲ್ಯಾಬ್‌ನವರು 500 ತೆಗೆದುಕೊಂಡರು. ಒಂದು ಫೋಟೋಗೆ ಹತ್ತಿರ ಹತ್ತಿರ 45 ರೂಪಾಯಿ. ಗುಂಡಿ ಒತ್ತಿದಾಗಲೆಲ್ಲ ಒಂದು ಪ್ಲೇಟ್ ತಟ್ಟೆ ಇಡ್ಲಿ ಹೋಯಿತು ಅಂದುಕೊಳ್ಳಿ. ಫಿಲ್ಮ್ ಕ್ಯಾಮೆರಾ ತಾಳ್ಮೆ ಕಲಿಸುತ್ತೆ ಅಂತಾರೆ. ನನಗೆ ಕಲಿಸಿದ್ದು ಜಿಪುಣತನ.

ಅದಕ್ಕೇ ಕಪ್ಪು ಬಿಳುಪನ್ನು ಮನೆಯಲ್ಲೇ ತೊಳೆಯಲು ಶುರು ಮಾಡಿದೆ. ಕತ್ತಲೆ ಚೀಲ, ಒಂದು ಟ್ಯಾಂಕ್, ಚಿತ್ರ ಮೂಡಿಸುವ ಡಿ-76 ಪುಡಿ, ಮೂಡಿದ್ದನ್ನು ನಿಲ್ಲಿಸುವ ಹೈಪೊ. ದ್ರಾವಣ 20 ಡಿಗ್ರಿ ಇರಬೇಕು. ಬೇಸಿಗೆಯಲ್ಲಿ ನಮ್ಮ ಸಿಂಟೆಕ್ಸ್ ನೀರು ಕೈ ಇಟ್ಟರೆ ಬೆಚ್ಚಗಿರುತ್ತದೆ. ಹಿಟ್ಟು ಕಲಸುವ ಬೇಸಿನ್‌ಗೆ ಐಸ್ ಹಾಕಿ ಬಾಟಲಿ ಇಟ್ಟುಕೊಂಡು ಕಾಯುತ್ತೇನೆ. ಅದಕ್ಕಿಂತ ದೊಡ್ಡ ತಲೆನೋವು ಬೋರ್‌ವೆಲ್ ನೀರಿನ ಗಡಸು. ಒಣಗಿದ ಮೇಲೆ ನೆಗೆಟಿವ್ ಮೇಲೆಲ್ಲ ಬಿಳಿ ಚುಕ್ಕೆ, ಸ್ಟೀಲ್ ಲೋಟದ ಮೇಲೆ ಉಳಿಯುತ್ತಲ್ಲ, ಹಾಗೆ. ಈಗ ಕೊನೇ ಸಲ ಅದ್ದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರುತ್ತೇನೆ. ಚುಕ್ಕೆ ಹೋಯಿತು. ಬಚ್ಚಲಿನಲ್ಲಿ ಬಟ್ಟೆ ಕ್ಲಿಪ್‌ಗೆ ನೇತಾಡುವ ರೀಲಿನ ಬಗ್ಗೆ ಮನೆಯವರ ಅಭಿಪ್ರಾಯ ಇಲ್ಲಿ ಬರೆಯುವಂತಿಲ್ಲ.

ಬೇಜಾರಿನ ಸಂಗತಿ ಇನ್ನೂ ಇವೆ. ಲೆನ್ಸ್ ಕ್ಯಾಪ್ ಹಾಕಿದ್ದರೂ ಕಿಂಡಿಯಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ, ಮೀಟರ್ ಕೂಡ ಬೇರೆ ಕಿಂಡಿಯಿಂದ ಅಳೆಯುವುದರಿಂದ ಏನೂ ಹೇಳುವುದಿಲ್ಲ. ದೇವರಾಯನದುರ್ಗದ ಮೇಲೆ ಅಕ್ಕನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಆರು ಫೋಟೋ ತೆಗೆದೆ. ಆರೂ ಅಮಾವಾಸ್ಯೆ. ಆಮೇಲೆ ಕ್ಯಾಪ್ ಬಿಸಾಕಿ ಒಂದು ಯುವಿ ಫಿಲ್ಟರ್ ಹಾಕಿಬಿಟ್ಟೆ, ಅಳತೆ 55 ಎಂಎಂ. 0.8 ಮೀಟರ್‌ಗಿಂತ ಹತ್ತಿರ ಹೋಗಲಾಗದು, ಮಗುವಿನ ಕಾಲ್ಬೆರಳು, ಹೂವು, ಉಂಗುರ ಇವೆಲ್ಲ ಬೇಕೆಂದರೆ ಫೋನೇ ವಾಸಿ. ಮದುವೆಗೆ ಇದೊಂದನ್ನೇ ನೆಚ್ಚಿಕೊಂಡು ಹೋಗಬೇಡಿ.

ಕೊಳ್ಳಲು ಹೋದರೆ ಬ್ಯಾಟರಿ ಜೇಬಿನಲ್ಲಿ ಹಾಕಿಕೊಂಡೇ ಹೋಗಿ, ಫೋಟೋ ನೋಡಿ ದುಡ್ಡು ಕಳಿಸಬೇಡಿ. ಟಕ್ ಕೇಳಿ. ಹಿಂದಿನ ಬ್ಯಾಟರಿ ಚೆಕ್ ಗುಂಡಿ ಒತ್ತಿ, ದೀಪ ಹತ್ತಬೇಕು. ದೂರದ ಕರೆಂಟ್ ಕಂಬ ನೋಡಿ: ಉಂಗುರ ಕೊನೆಗೆ ತಿರುಗಿಸಿದಾಗ ಎರಡು ಕಂಬ ಒಂದಾಗಬೇಕು. ಲೆನ್ಸಿಗೆ ಟಾರ್ಚ್ ಹಿಡಿದರೆ ಜೇಡರ ಬಲೆಯಂಥ ಗೆರೆ ಕಂಡರೆ ಅದು ಫಂಗಸ್, ಬಿಟ್ಟು ಬನ್ನಿ. ರೀಲು ಹಾಕಿದ ಮೇಲೆ ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಹಿಡಿ ತಿರುಗುತ್ತಿದೆಯಾ ನೋಡಿ. ತಿರುಗದಿದ್ದರೆ ರೀಲು ಸಿಕ್ಕಿಕೊಂಡಿಲ್ಲ, ಮೂವತ್ತಾರು ಸಲ ಸುಮ್ನೆ ಗಾಳಿಗೆ ಗುಂಡಿ ಒತ್ತುತ್ತೀರಿ.

ನನ್ನದರಲ್ಲಿ ಹಳದಿ ಮಚ್ಚೆ ಈಗ ಮೊದಲಿಗಿಂತ ಮಸುಕು. ಮೆಟ್ಟಿಲ ಕೆಳಗಿನ ರಿಪೇರಿಯವರು ಹೋದ ಸಲ ಫೋನ್ ಮಾಡಿದಾಗ 'ಕಣ್ಣಿನ ಆಪರೇಷನ್ ಆಗಿದೆ, ಎರಡು ತಿಂಗಳು ಬಿಟ್ಟು ಬನ್ನಿ' ಅಂದರು. ಅವರ ಎರಡು ತಿಂಗಳು ಎಷ್ಟು ಅಂತ ನನಗೆ ಗೊತ್ತು. ಮಾರುವ ಯೋಚನೆ ಸದ್ಯಕ್ಕಿಲ್ಲ. ಒಳಗೆ ಕಲರ್ ರೀಲು ಇದೆ, 22 ಫೋಟೋ ಆಗಿದೆ. ಉಳಿದ ಹದಿನಾಲ್ಕರಲ್ಲಿ ಹನ್ನೆರಡು ಸಿದ್ದಗಂಗೆ ಜಾತ್ರೆಗೆ. ಎರಡು ಹೂವಿನ ಅಕ್ಕನಿಗೆ, ಕನಕಾಂಬರ ಬುಟ್ಟಿಗೆ ಬಂದ ದಿನ.