ಏರ್ ರೈಫಲ್ ಪೆಲೆಟ್: ಲೋಕಲ್ ಡಬ್ಬಿ, ಫಾರಿನ್ ಡಬ್ಬಿ ಎರಡೂ ಹೊಡದು ನೋಡಿದ್ದು

ಮೊದ್ಲ ಹೇಳಿಬಿಡ್ತೀನಿ, 25 ಮೀಟರ್ ದಾಟಿದ ಮ್ಯಾಲ ನನಗ ಫಾರಿನ್ ಕಂಪನಿ ಜೆಎಸ್‌ಬಿ ಎಕ್ಸಾಕ್ಟ್ 8.44 ಗ್ರೇನ್ (ತೂಕದ ಅಳತಿ) ದುಂಡ್ ತಲಿ ಪೆಲೆಟ್ಟ ಸೈ; ಪೆಲೆಟ್ ಅಂದ್ರ ಏರ್ ರೈಫಲ್ಲಿಗೆ ಹಾಕೋ ಸಣ್ಣ ಸೀಸದ ಗುಂಡು. ಬ್ಯಾರೆ ಡಬ್ಬಿ ಯಾಕ ಬಿಟ್ಟೆ ಅನ್ನೋದಕ್ಕ ಇಷ್ಟ್ ಬರಿಯಾಕತ್ತೀನಿ.

ಯೂಟ್ಯೂಬ್‌ನಾಗ ಫಾರಿನ್ ಮಂದಿ ಮನ್ಯಾಗ ಕುಂತು ತೋಟಾಕ್ಕ ಪೌಡರ್ ತುಂಬೋದು ನೋಡಿ ಹಂಗ ನಾವೂ ಮಾಡ್ಬೋದೇನು ಅಂತ ಭಾಳ ಮಂದಿ ಕೇಳ್ತಾರ, ನಮ್ಮಲ್ಲಿ ಅದು 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದ ಆಗೂದಿಲ್ಲ, ಆ ಮಾತು ಅಲ್ಲಿಗೇ ಬಿಡ್ರಿ. .177 (ನಳಿಗಿ ತೂತು 0.177 ಇಂಚು) ಏರ್ ರೈಫಲ್ಲಿನ ಹೊಡತದ ಶಕ್ತಿ 20 ಜೌಲ್ ಒಳಗಿದ್ರ 2016ರ ನಿಯಮದಾಗ ಲೈಸೆನ್ಸ್ ಬೇಕಾಗಿಲ್ಲ. ನಂದು ಬ್ಯಾರಲ್ ಮಡಚಿ ಕಾಕ್ ಮಾಡೋ ಸ್ಪ್ರಿಂಗ್ ಗನ್ನು. ಜಾಗ ಗಂಗಾವತಿಯೊಳಗ ನಮ್ಮ ಮಾವನ ರೈಸ್ ಮಿಲ್ ಗೋಡೌನು, ಸೀಜನ್ ಮುಗದ ಮ್ಯಾಲ ಖಾಲಿ ಇರ್ತೈತಿ, ಗಾಳಿ ಕಾಟ ಇಲ್ಲ. ಹೊರಗ ಆನೆಗೊಂದಿ ಕಡಿ ಬಂಡಿಗಲ್ಲಿನ ಮುಂದ ಹಾಳಿ ಅಂಟಿಸಿ ಹೊಡಿಯೋರನ್ನ ನೋಡೀನಿ, ದಯವಿಟ್ಟು ಮಾಡಬ್ಯಾಡ್ರಿ, ಸೀಸ ಕಲ್ಲಿಗೆ ಬಡದು ತಿರುಗಿ ಬರ್ತೈತಿ. ಉಸುಕು ತುಂಬಿದ ಚೀಲ ಇಡ್ರಿ.

ಈಗ ಲೋಕಲ್ ಚಪ್ಪಟ್ಟಿ ತಲಿ ಪೆಲೆಟ್. ಅಂಗಡಿಯವ "ಅಣ್ಣಾ, ಎಲ್ಲಾ ಒಂದ ಸೀಸ, ಯಾವುದಾದ್ರೇನು" ಅಂದು ಕೊರಿಯರ್ ಮಾಡ್ದ. 10 ಮೀಟರ್‌ನಾಗ ಹಾಳಿ ಮ್ಯಾಲ ಪಂಚಿಂಗ್ ಮಷಿನ್ ಹೊಡದಂಗ ದುಂಡಗ ತೂತು, ಸ್ಕೋರ್ ನೋಡಾಕ ಆರಾಮ. ತ್ರಾಸು ಶುರುವಾಗೋದು ಡಬ್ಬಿ ತೆರದಾಗ. ಪೆಲೆಟ್ಟಿನ ಹಿಂದಿನ ಸ್ಕರ್ಟ್ (ಟೊಳ್ಳ ಅಂಚು) ಕಾಗದದಷ್ಟು ತೆಳ್ಳಗ, ಡಬ್ಬಿಯೊಳಗ ಸ್ಪಂಜ್ ಇಲ್ಲ ಏನಿಲ್ಲ, ಕೊರಿಯರ್‌ನಾಗ ಕುಲುಕಿ ಕುಲುಕಿ ಅರ್ಧಕ್ಕರ್ಧ ಸೊಟ್ಟ. ಗಾಜಿನ ಮ್ಯಾಲ ಉರುಳಿಸಿದ್ರ ಗೊತ್ತಾಗಿಬಿಡ್ತೈತಿ, ಸರಿ ಇದ್ದದ್ದು ಸಮ ತಿರುಗ್ತೈತಿ, ಸೊಟ್ಟ ಇದ್ದದ್ದು ಕುಂಟಕೋತ ಹೋಗ್ತೈತಿ. ಬಾಲ್ ಪೆನ್ನಿನ ತುದಿ ಸ್ಕರ್ಟಿನೊಳಗ ಹಾಕಿ ತಿರುವಿ ದುಂಡಗ ಮಾಡ್ಕೋಬೋದು, ಆದ್ರ ಡಬ್ಬಿ ತುಂಬ ಅದನ್ನ ಮಾಡ್ಕೋತ ಕುಂತ್ರ ಹೊಡ್ಯಾಕ ಟೈಮ್ ಎಲ್ಲಿ?

ಅಷ್ಟಕ್ಕ ಮುಗಿಲಿಲ್ಲ. ಬ್ಯಾರಲ್ ಮಡಚಿ ಪೆಲೆಟ್ ಕೂರಿಸುವಾಗ ಒಂದು ತಾನಾಗೇ ಜಾರಿ ಒಳಗ ಬೀಳ್ತೈತಿ, ಮುಂದಿನದು ಹೆಬ್ಬಟ್ಟಿನ ಉಗುರು ನೋಯೋಹಂಗ ಒತ್ತಿದ್ರೂ ಹೋಗೂದಿಲ್ಲ, ಅಂದ್ರ ತಲಿ ಅಳತಿನೇ ಒಂದಿಲ್ಲ. ದೋಸ್ತನ ಬಂಗಾರದ ಅಂಗಡಿ ತಕ್ಕಡ್ಯಾಗ ತೂಗಿ ನೋಡ್ದೆ, ಒಂದ ಡಬ್ಬಿಯೊಳಗ 0.48 ಗ್ರಾಮಿಂದು ಐತಿ, 0.53ದ್ದೂ ಐತಿ. ಅವರಪ್ಪ ಬಂದು "ಏನಪಾ, ಸೀಸಾನೂ ತೊಲಿ ಲೆಕ್ಕದಾಗ ಮಾರ್ತಾರೇನು ಈಗ" ಅಂದ್ರು. ತೂಕ ನೋಡಿ ಆರಿಸಿ ಬ್ಯಾರೆ ಬ್ಯಾರೆ ಇಟ್ಟು ಹೊಡದ್ರ ಹಾಳಿ ಮ್ಯಾಲಿನ ತೂತುಗಳ ಗುಂಪು ಸಣ್ಣದಾಗೋದು ಖರೆ, ಆದ್ರ 25 ಮೀಟರ್ ದಾಟಿದ್ರ ಚಪ್ಪಟ್ಟಿ ತಲಿ ಗಾಳಿ ಸೀಳಿಕೊಂಡು ಹೋಗೂದಿಲ್ಲ, ಬೇಗ ವೇಗ ಕಳಕೊಂಡು ತೂರಾಡ್ತೈತಿ. ಗೋಡೌನ್ ಆ ತುದಿಗೆ ಹಾಳಿ ಇಟ್ಟಾಗ ಆರಿಸಿದ್ದಕ್ಕೂ ಆರಿಸದೇ ಇದ್ದದ್ದಕ್ಕೂ ಹೇಳ್ಕೋಳೋವಂಥ ಫರಕ್ ಕಾಣ್ಲಿಲ್ಲ.

ಚೂಪ್ ತಲಿದು: ನೋಡಾಕಷ್ಟ ಚೆಂದ.

ಜೆಎಸ್‌ಬಿ ಚೆಕ್ ದೇಶದ್ದು, ಡಬ್ಬಿಗೆ 500. 8.44 ಗ್ರೇನ್ ಅಂದ್ರ ಗ್ರಾಮ್ ಲೆಕ್ಕದಾಗ 0.547, ತಕ್ಕಡ್ಯಾಗ ಹಾಕಿದ್ರ ಅದರ ಆಸುಪಾಸಿನಾಗ ಬರ್ತಾವ, ಆರಿಸೋ ಗೋಜಿಗೇ ಹೋಗ್ಲಿಲ್ಲ. ಪೆಲೆಟ್ ಬದಲಿ ಮಾಡಿದ ಮ್ಯಾಲ ಬ್ಯಾರಲ್ ಹೊಂದ್ಕೊಳ್ಳೋ ತನಕ ಮೊದಲಿನ ಕೆಲವು ಏಟು ಲೆಕ್ಕಕ್ಕ ಹಿಡಿಬ್ಯಾಡ್ರಿ. ಆಮ್ಯಾಲ ಚಪ್ಪಟ್ಟಿ ತಲಿದು ಹಸ್ತದಗಲ ಚೆಲ್ಲಾಡಿದ ದೂರದಾಗ ಇದರ ಐದು ತೂತು ಒಂದ್ರುಪಾಯಿ ನಾಣ್ಯದಡಿ ಮುಚ್ಚಿ ಹೋದ್ವು. ಗನ್ ಬಿಗಿ ಹಿಡಿಬಾರ್ದು, ಅಂಗೈ ಮ್ಯಾಲ ಸುಮ್ಮ ಮಲಗಿಸ್ಬೇಕು, ಸ್ಪ್ರಿಂಗ್ ಗನ್ನಿನ ಜಾತಕನ ಅದು.

ಜೆಎಸ್‌ಬಿದ 10.34 ಗ್ರೇನ್ ಹೆವಿ ನನ್ನ ಗನ್ನಿಗೆ ಭಾರ ಆತು, ಕೆಳಗ ಕೆಳಗ ಬೀಳ್ತು. ಜರ್ಮನಿಯ ಎಚ್ ಆಂಡ್ ಎನ್ ಫಿನಾಲೆ ಮ್ಯಾಚ್ 10 ಮೀಟರ್‌ಗೆ ಭಾಳ ಚಲೋ, ಆದ್ರ ಮ್ಯಾಚ್ ಆಡೋರು ತಗೋಳ್ಳಿ, ನನಗ್ಯಾಕ.

ರೇಟು? ನಾ ತಗೊಂಡಾಗ ಲೋಕಲ್‌ದಕ್ಕಿಂತ ಮೂರು ಪಟ್ಟಿನ ಮ್ಯಾಲ ಬಿತ್ತು. ಅದಕ್ಕ ದಿನಾ ಸಂಜಿ 10 ಮೀಟರ್ ಪ್ರಾಕ್ಟೀಸ್‌ಗೆ ಲೋಕಲ್ ಚಪ್ಪಟ್ಟಿ ತಲಿದ ಹೊಡಿತೀನಿ, ಅದನ್ನೂ ಈಗ ಕೊರಿಯರ್‌ನಾಗ ತರಿಸೂದಿಲ್ಲ, ಅಂಗಡಿಗೆ ಹೋಗಿ ಡಬ್ಬಿ ತೆರಸಿ ನೋಡಿ ತರ್ತೀನಿ. ಐತವಾರ ದೂರ ಹೊಡಿಯೋದಕ್ಕ ಮಾತ್ರ ಜೆಎಸ್‌ಬಿ. ಯಾವುದ ಹೊಡೀರಿ, ಸೀಸ ಮುಟ್ಟಿದ ಕೈ ಸಬಕಾರ ಹಚ್ಚಿ ತೊಳಕೊಂಡ ಊಟಕ್ಕ ಕೂಡ್ರಿ, ನಮ್ಮವ್ವ ಅಂತೂ ಪೆಲೆಟ್ ಆರಿಸಿದ ತಾಟು ಅಡಗಿ ಮನಿ ಹೊಸ್ತಿಲ ದಾಟಾಕ ಬಿಡೂದಿಲ್ಲ.