ಎರಡು ಮಳೆಗಾಲದ ನಂತರ: ಮಲ್ಪೆಯಲ್ಲಿ ಕ್ಲೌಡ್ ಗೇಮಿಂಗ್

ಮೊದಲೇ ಹೇಳಿಬಿಡುತ್ತೇನೆ, ನಾನು ಬಳಸುವ ಕ್ಲೌಡ್ ಗೇಮಿಂಗ್ ಸರ್ವಿಸಿನ (ಗೇಮ್ ಓಡುವುದು ದೂರದ ಕಂಪ್ಯೂಟರಿನಲ್ಲಿ, ನಮಗೆ ನೆಟ್ ಮೂಲಕ ಬರುವುದು ಅದರ ಚಿತ್ರ ಮಾತ್ರ) ಹೆಸರು ಬರೆಯುವುದಿಲ್ಲ. ಬೈಯುವುದು ಸುಮಾರು ಉಂಟು. ಹೆಸರು ಹಾಕಿದರೆ ಮಾತೆಲ್ಲ ಆ ಕಂಪನಿ ಕಡೆ ಹೋಗುತ್ತದೆ. ಯಾವ ಪ್ಲಾನಿಗೆ ಎಷ್ಟು ರೆಸಲ್ಯೂಷನ್, ಎಷ್ಟು ಗೇಮ್ ಎಂಬುದನ್ನೆಲ್ಲ ನೀವು ನೋಡಿಯೇ ಇರುತ್ತೀರಿ. ಇದು 23 ತಿಂಗಳು ಬಿಡದೆ ದುಡ್ಡು ಕಟ್ಟಿದವನ ಅನುಭವ. ತಿಂಗಳಿಗೆ 599. ಮನೆ ಮಲ್ಪೆಯಲ್ಲಿ, ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಕೂಡ ಇಲ್ಲ.

ಸಮುದ್ರದ ವಿಷಯ ಯಾಕೆ ಹೇಳಿದೆ ಅಂದರೆ, ನಾನು ಇದಕ್ಕೆ ಬಂದದ್ದೇ ಅದರಿಂದ. 2019ರಲ್ಲಿ ಉಡುಪಿಯಲ್ಲಿ ಒಂದು ಪಿಸಿ ಮಾಡಿಸಿದ್ದೆ. ಗೇಮಿನ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೇ ಹದಿನಾಲ್ಕು ಸಾವಿರ ಹೋಗಿತ್ತು. 2024ರ ಜೂನ್ ಮಳೆ ಹಿಡಿದ ಮೇಲೆ ಒಂದು ದಿನ ಸ್ಕ್ರೀನ್ ಬರಲೇ ಇಲ್ಲ. ರಿಪೇರಿಯವರು ಕ್ಯಾಬಿನೆಟ್ ಬಿಚ್ಚಿ, ಟಾರ್ಚ್ ಹಾಕಿ ತೋರಿಸಿದರು. ಸ್ಕ್ರೂ ತಲೆಗಳಿಗೆ ಕೆಂಪು ತುಕ್ಕು. ಬೆಸುಗೆಯ ಬುಡದಲ್ಲಿ ಹಸಿರು ಕಿಲುಬು. ನಮ್ಮ ಗೇಟಿನ ಚಿಲಕಕ್ಕೆ, ಕಿಟಕಿ ಸರಳಿಗೆ ವರ್ಷ ವರ್ಷ ಏನಾಗುತ್ತದೋ ಅದೇ ಒಳಗೂ ಆಗಿತ್ತು. "ಮನೆ ಸಮುದ್ರದ ಹತ್ತಿರವಾ?" ಎಂದು ಕೇಳಿದರು. ಹೌದು ಅಂದೆ. ಮತ್ತೆ ಅವರು ಏನೂ ಹೇಳಲಿಲ್ಲ, ಬಿಲ್ಲೂ ಮಾಡಲಿಲ್ಲ.

ಹೊಸ ಪಿಸಿಗೆ ಎಪ್ಪತ್ತು ಸಾವಿರ ಹಾಕಿ ಮತ್ತೆ ಈ ಗಾಳಿಗೆ ಇಡಲು ಮನಸ್ಸು ಬರಲಿಲ್ಲ. ಆಗ ಹೊಳೆದದ್ದು ಇದು. ಮೆಷಿನ್ ಮುಂಬೈಯಲ್ಲಿ ಎಲ್ಲೋ ಎಸಿ ರೂಮಿನಲ್ಲಿ ಇರಲಿ. ಉಪ್ಪಿನ ಗಾಳಿ, ಮಳೆಯ ತೇವ ಎಲ್ಲ ಅವರ ತಲೆನೋವು. ನನಗೆ ಬರುವುದು ವಿಡಿಯೋ, ನಾನು ಕಳಿಸುವುದು ಬಟನ್ ಒತ್ತಿದ ಸುದ್ದಿ. ಅಷ್ಟೇ ಅಲ್ವಾ?

ಮೊದಲ ರಾತ್ರಿ ಆಡಿದಾಗ ಖುಷಿಯಾದದ್ದು ಚಿತ್ರಕ್ಕಲ್ಲ, ಸದ್ದಿಲ್ಲದ್ದಕ್ಕೆ. ಹಳೇ ಪಿಸಿ ಆನ್ ಮಾಡಿದರೆ ಮಿಕ್ಸಿ ಹಾಕಿದ ಹಾಗೆ. ಈಗ ಆಫೀಸಿನವರು ಹಳತಾಯ್ತೆಂದು ಕೊಟ್ಟ ಲ್ಯಾಪ್‌ಟಾಪಿನಲ್ಲಿ ದೊಡ್ಡ ದೊಡ್ಡ ಗೇಮ್ ಓಡುತ್ತದೆ, ತಳ ಮುಟ್ಟಿದರೆ ಉಗುರು ಬೆಚ್ಚಗೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ರೂಮಿನಲ್ಲಿ ಇನ್ನೊಂದು ಬಿಸಿ ಪೆಟ್ಟಿಗೆ ಇಲ್ಲದೆ ಆಡುವ ಸುಖ ಕರಾವಳಿಯವರಿಗೇ ಗೊತ್ತು.

ವೈಫೈ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮದು ಮುರಕಲ್ಲಿನ ಮನೆ, ಗೋಡೆ ಒಂದು ಅಡಿ ದಪ್ಪ. ರೂಟರ್ ಚಾವಡಿಯಲ್ಲಿ, ನಾನು ಹಿಂದಿನ ಕೋಣೆಯಲ್ಲಿ. ವೈಫೈ ಎರಡು ಗೋಡೆ ದಾಟಿ ಬರುವಾಗ ಅದಕ್ಕೇ ಸುಸ್ತು. ಹದಿನೈದು ಮೀಟರ್ ಕೇಬಲ್ ತಂದು ಕಿಟಕಿಯಲ್ಲಿ ಹಾಯಿಸಿದೆ, ಸರಿಯಾಯಿತು. ಎಂಟು ತಿಂಗಳಿಗೆ ಆ ಕೇಬಲಿನ ತುದಿಗೂ ಕಿಲುಬು ಹಿಡಿಯಿತು, ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿದೆ. ಮುಂಬೈಗೆ ಓಡಿಹೋದರೂ ಉಪ್ಪು ಬಿಡಲಿಲ್ಲ ಮಾರಾಯ್ರೆ.

ಡೇಟಾ ಲೆಕ್ಕ ಬೇಕಾದವರಿಗೆ: ನನ್ನದು ಸೆಕೆಂಡಿಗೆ ಸುಮಾರು 20 ಮೆಗಾಬಿಟ್ ಎಳೆಯುತ್ತದೆ, ಅಂದರೆ ಗಂಟೆಗೆ 9 ಜಿಬಿ. ಫೈಬರ್ ಇದ್ದವರಿಗೆ ಚಿಂತೆ ಇಲ್ಲ. ಮೊಬೈಲಿನ ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಆಡುತ್ತೇನೆ ಅಂದರೆ ಕಾಲು ಗಂಟೆ ಕೂಡ ಬರುವುದಿಲ್ಲ.

ಇನ್ನು ಕ್ಯೂ. ನಿಜ ಹೇಳಬೇಕೆಂದರೆ ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕೆ.

ಗೇಮ್ ಒತ್ತಿದ ಕೂಡಲೇ ಶುರುವಾಗುವುದಿಲ್ಲ. "ನಿಮ್ಮ ಸ್ಥಾನ 143" ಎಂದು ಬರುತ್ತದೆ. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ ಇದೆಲ್ಲ ಇಲ್ಲ, ಸೀದಾ ಒಳಗೆ. ರಾತ್ರಿ ಒಂಬತ್ತಕ್ಕೆ ಮಾತ್ರ ಕೃಷ್ಣ ಮಠದ ಊಟದ ಸಾಲಿನ ಹಾಗೆ. ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಬಿಡುವಾಗುವುದೂ ಆಗಲೇ ಅಲ್ವಾ?

ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದಕ್ಕೊಂದು ಅಭ್ಯಾಸ ಹತ್ತಿತು. ಎಂಟೂವರೆಗೆ ಗೇಮ್ ಒತ್ತಿ, ಲ್ಯಾಪ್‌ಟಾಪನ್ನು ಅಡುಗೆಮನೆ ಬಾಗಿಲಿಗೆ ಕಾಣುವ ಹಾಗೆ ಸ್ಟೂಲಿನ ಮೇಲೆ ಇಡುತ್ತೇನೆ. ಮಸಾಲೆ ಹಚ್ಚಿಟ್ಟ ಬಂಗುಡೆ ಕಾವಲಿಗೆ ಹಾಕುವಾಗ 120ರ ಆಸುಪಾಸು. ಒಂದು ಬದಿ ಬೆಂದು ತಿರುವಿ ಹಾಕುವಾಗ ನೂರರ ಕೆಳಗೆ. ಊಟ ಮುಗಿಸಿ ತಟ್ಟೆ ತೊಳೆಯುವಾಗ ಮೂವತ್ತು ಚಿಲ್ಲರೆ. ಕಾವಲಿ ಉಜ್ಜಿ ಕೈ ಒರೆಸಿಕೊಂಡು ಕೂತರೆ ಒಂದಂಕಿ. ನನ್ನ ಹೆಂಡತಿಗೂ ಇದು ರೂಢಿಯಾಗಿದೆ. "ಎಷ್ಟಾಯ್ತು ನಂಬರ್?" ಎಂದು ಕೇಳಿ ಅನ್ನದ ಕುಕ್ಕರ್ ಇಡುತ್ತಾಳೆ. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಾನು ದಿನಾ ಪಾತ್ರೆ ತೊಳೆಯಲು ಕಲಿತದ್ದು ಈ ಕಂಪನಿಯ ದಯೆಯಿಂದ.

ಇಷ್ಟು ಕಾಯುವುದು ಯಾಕೆ, ಸಿನಿಮಾ ನೋಡುವ ಆ್ಯಪ್‌ಗಳಲ್ಲಿ ಹೀಗಿಲ್ಲವಲ್ಲ ಎಂದು ನೀವು ಕೇಳಬಹುದು. ಸಿನಿಮಾ ಒಂದೇ ಫೈಲು. ಒಮ್ಮೆ ತಯಾರು ಮಾಡಿ ಇಟ್ಟರೆ ಲಕ್ಷ ಜನರಿಗೆ ಅದನ್ನೇ ಹಂಚಬಹುದು. ಗೇಮಿನಲ್ಲಿ ನಾನು ಎಡಕ್ಕೆ ತಿರುಗಿದರೆ ನನ್ನ ಚಿತ್ರವೇ ಬೇರೆ, ನೀವು ಬಲಕ್ಕೆ ತಿರುಗಿದರೆ ನಿಮ್ಮದೇ ಬೇರೆ. ಆಡುವ ಅಷ್ಟೂ ಹೊತ್ತು ಒಬ್ಬೊಬ್ಬನಿಗೂ ಅಲ್ಲಿ ಒಂದು ಗ್ರಾಫಿಕ್ಸ್ ಕಾರ್ಡಿನ ಪಾಲು ದುಡಿಯುತ್ತಲೇ ಇರಬೇಕು. ಎಲ್ಲರೂ ರಾತ್ರಿ ಒಂಬತ್ತಕ್ಕೇ ಬಂದರೆ ಇರುವ ಕಾರ್ಡು ಸಾಲುವುದಿಲ್ಲ. ಆ ಹೊತ್ತಿಗೆ ಸಾಲುವಷ್ಟು ತಂದಿಟ್ಟರೆ ಹಗಲೆಲ್ಲ ಸುಮ್ನೆ ಕೂತಿರುತ್ತವೆ, ಅದರ ಖರ್ಚು ಯಾರು ಕೊಡುವುದು?

ಕ್ಯೂನಲ್ಲಿ ಕೂತು ಈ ವ್ಯಾಪಾರದ ಹಳೇ ಕಥೆ ಎಲ್ಲ ಓದಿದ್ದೇನೆ. ಅಮೆರಿಕದಲ್ಲಿ ಆನ್‌ಲೈವ್ ಎಂಬುದು 2010ರಲ್ಲೇ ಇದನ್ನು ಶುರು ಮಾಡಿತ್ತು. 2015ರ ಏಪ್ರಿಲ್ 30ಕ್ಕೆ ಬಾಗಿಲು ಹಾಕಿತು, ಪೇಟೆಂಟುಗಳನ್ನು ಸೋನಿ ಕೊಂಡಿತು. ಗೈಕೈ ಎಂಬ ಇನ್ನೊಂದನ್ನು ಸೋನಿಯೇ 2012ರಲ್ಲಿ 38 ಕೋಟಿ ಡಾಲರಿಗೆ ತೆಗೆದುಕೊಂಡಿತ್ತು. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರ್‌ನಲ್ಲಿ ಬಂತು, 2023ರ ಜನವರಿ 18ಕ್ಕೆ ಮುಚ್ಚಿತು. ಅಷ್ಟು ದೊಡ್ಡ ಕಂಪನಿ, ಸ್ವಂತ ಡೇಟಾ ಸೆಂಟರ್, ಆದರೂ ನಿಲ್ಲಲಿಲ್ಲ. ಭಾರತಕ್ಕಂತೂ ಅದು ಬರಲೇ ಇಲ್ಲ. ಆದರೆ ಜನ ಗೇಮಿಗೆ, ಕಂಟ್ರೋಲರಿಗೆ ಕೊಟ್ಟ ದುಡ್ಡು ವಾಪಸ್ ಕೊಟ್ಟಿತು, ಅದನ್ನು ಮೆಚ್ಚಬೇಕು. ಎಕ್ಸ್‌ಬಾಕ್ಸ್ ಕ್ಲೌಡ್ 2020ರಲ್ಲಿ ಬೇರೆ ದೇಶಗಳಲ್ಲಿ ಶುರುವಾದದ್ದು ನಮ್ಮಲ್ಲಿಗೆ ಬರುವಾಗ 2025ರ ನವೆಂಬರ್. ಇದನ್ನೆಲ್ಲ ಓದಿದ ಮೇಲೆ 143 ಎಂದು ಕಂಡರೆ ಮೊದಲಿನಷ್ಟು ಸಿಟ್ಟು ಬರುವುದಿಲ್ಲ. ಕ್ಯೂ ಇದೆ ಅಂದರೆ ಅಂಗಡಿ ಇನ್ನೂ ತೆರೆದಿದೆ ಎಂದು ಲೆಕ್ಕ.

ಮಳೆ ಬಂದರೆ ಮಾತ್ರ ಈ ತಾಳ್ಮೆ ಎಲ್ಲ ತೊಳೆದು ಹೋಗುತ್ತದೆ.

ಕಳೆದ ಜುಲೈಯ ಒಂದು ರಾತ್ರಿ. ನಂಬರ್ 3. ಕೈ ಒರೆಸಿಕೊಂಡು ಕೂತಿದ್ದೇನೆ. ಹೊರಗೆ ಗಾಳಿ ಎದ್ದು ಕರೆಂಟು ಹೋಯಿತು. ಅದಕ್ಕೆ ತಯಾರಿ ಇತ್ತು. ರೂಟರಿಗೆ ಒಂದು ಪುಟ್ಟ ಯುಪಿಎಸ್ ಇಟ್ಟಿದ್ದೇನೆ, ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಉಂಟು. ನಂಬರ್ 2 ಆಯಿತು. ಅಷ್ಟರಲ್ಲಿ ಹೊರಗೆ ಧಡಾರ್ ಎಂದು ಸದ್ದು. ಪಕ್ಕದ ತೋಟದ ತೆಂಗಿನ ಮಡಲು ಕಂಬದ ಮೇಲೆ ಬಿದ್ದಿತ್ತು. ನಮ್ಮಲ್ಲಿ ಫೈಬರ್ ಹೋಗುವುದು ಕರೆಂಟು ಕಂಬದ ಮೇಲೆಯೇ ಅಲ್ವಾ, ಎಳೆ ತುಂಡು. ರೂಟರಿನಲ್ಲಿ ಕೆಂಪು ದೀಪ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಓಡೋಡಿ ಮತ್ತೆ ಲಾಗಿನ್ ಆದೆ. "ನಿಮ್ಮ ಸ್ಥಾನ 161."

ಕೇಬಲಿನವರು ಬಂದದ್ದು ಮೂರನೇ ದಿನ. ಅವರನ್ನು ಬೈದು ಪ್ರಯೋಜನ ಇಲ್ಲ, ಆ ಮಳೆಯಲ್ಲಿ ಏಣಿ ಹತ್ತುವುದು ಸುಲಭದ ಕೆಲಸವಾ? ನನ್ನ ಸಿಟ್ಟು ಕ್ಯೂ ಮೇಲೆ. ನೆಟ್ ಹೋದವನ ಜಾಗವನ್ನು ಐದು ನಿಮಿಷ ಹಿಡಿದಿಟ್ಟರೆ ಇವರ ಗಂಟು ಏನು ಹೋಗುತ್ತದೆ? ಸರ್ವಿಸ್ ಬಸ್ಸಿನಲ್ಲಿ ಸೀಟಿಗೆ ಕರ್ಚೀಫ್ ಹಾಕಿ ಇಳಿದರೂ ಕಂಡಕ್ಟರ್ ಬೇರೆಯವರನ್ನು ಕೂರಿಸುವುದಿಲ್ಲ. ಎರಡು ಸಲ ಬರೆದು ಕೇಳಿದೆ. ಎರಡು ಸಲವೂ ನಿಮ್ಮ ಇಂಟರ್ನೆಟ್ ಪರೀಕ್ಷಿಸಿ ಎಂಬ ಒಂದೇ ಸಿದ್ಧ ಉತ್ತರ.

ಲ್ಯಾಗ್, ಅಂದರೆ ಬಟನ್ ಒತ್ತಿದ ಮೇಲೆ ಅದು ಸ್ಕ್ರೀನಿನಲ್ಲಿ ಕಾಣಲು ಆಗುವ ತಡ, ಅದರ ಬಗ್ಗೆಯೂ ಒಂದು ಮಾತು. ಉಡುಪಿಯಿಂದ ಮುಂಬೈಗೆ ನೇರ ಗೀಟು ಎಳೆದರೆ 660 ಕಿಲೋಮೀಟರ್ ಚಿಲ್ಲರೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು 7 ಮಿಲಿಸೆಕೆಂಡ್ ಸಾಕು. ಆದರೆ ಕೇಬಲ್ ಸೀದಾ ಹೋಗುವುದಿಲ್ಲ, ಊರೂರು ಸುತ್ತಿ, ನಿಂತು ಹೋಗುತ್ತದೆ. ನನಗೆ ಸಿಗುವುದು ಒಳ್ಳೇ ದಿನ 30, ಮಳೆಯ ರಾತ್ರಿ 90. ಅದರ ಮೇಲೆ ಚಿತ್ರ ಬಿಡಿಸುವ, ಒತ್ತಿ ಸಣ್ಣದು ಮಾಡುವ, ಇಲ್ಲಿ ಬಿಚ್ಚುವ ಹೊತ್ತು ಬೇರೆ. ಸೆಕೆಂಡಿಗೆ 60 ಚಿತ್ರ ಓಡುವ ಗೇಮಿನಲ್ಲಿ ಒಂದೊಂದು ಚಿತ್ರಕ್ಕೆ 17 ಮಿಲಿಸೆಕೆಂಡ್ ಕೂಡ ಇರುವುದಿಲ್ಲ, ಹಾಗಾಗಿ ನಾನು ನೋಡುವುದೆಲ್ಲ ನಾಲ್ಕೈದು ಚಿತ್ರ ಹಳೆಯದು. ಕ್ರಿಕೆಟ್ ಆಡುವಾಗ ಬಾಲ್ ಬ್ಯಾಟಿಗೆ ಬರುವ ಸ್ವಲ್ಪ ಮೊದಲೇ ಬಟನ್ ಒತ್ತಿದರೆ ಸರಿಯಾಗಿ ಸಿಗುತ್ತದೆ. ಅದು ಗೊತ್ತಿಲ್ಲದೆಯೇ ಕೈಗೆ ಬಂದುಬಿಟ್ಟಿತ್ತು. ಮೊನ್ನೆ ಮಣಿಪಾಲದಲ್ಲಿ ಗೆಳೆಯನ ಮನೆಯ ಕನ್ಸೋಲಿನಲ್ಲಿ, ಅಂದರೆ ಟಿವಿ ಪಕ್ಕದಲ್ಲೇ ಇರುವ ಗೇಮ್ ಮೆಷಿನ್ನಿನಲ್ಲಿ, ಅದೇ ಗೇಮ್ ಆಡಿದೆ. ಆರು ಬಾಲಿಗೆ ನಾಲ್ಕು ಸಲ ಔಟ್. ಎಲ್ಲ ಶಾಟೂ ಮೊದಲೇ ಹೊಡೆಯುತ್ತಿದ್ದೆ. ಕೈ ಮಲ್ಪೆಯ ಲ್ಯಾಗಿಗೆ ಸೆಟ್ ಆಗಿದೆ.

ಇನ್ನೊಂದು ಬೇಸರ. ಒಂದು ಫುಟ್‌ಬಾಲ್ ಗೇಮಿನಲ್ಲಿ ನಾಲ್ಕು ಸೀಸನ್ ಆಡಿ ತಂಡ ಕಟ್ಟಿದ್ದೆ. ಒಂದು ತಾರೀಕಿಗೆ ಗೇಮ್ ಪಟ್ಟಿಯಿಂದಲೇ ಮಾಯ. ಇದು ಎಲ್ಲ ಕಡೆ ಇರುವ ತಾಪತ್ರಯವೇ. 2020ರಲ್ಲಿ ಜಿಫೋರ್ಸ್ ನೌ ಎಂಬ ಇಂಥದೇ ಸರ್ವಿಸ್ ಬೀಟಾದಿಂದ (ಪ್ರಯೋಗದ ಹಂತದಿಂದ) ಹೊರಗೆ ಬಂದ ಸ್ವಲ್ಪ ದಿನದಲ್ಲೇ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಮತ್ತು ಬೆಥೆಸ್ಡಾ ಎಂಬ ಗೇಮ್ ಕಂಪನಿಗಳು ತಮ್ಮ ಗೇಮ್‌ಗಳನ್ನು ಅಲ್ಲಿಂದ ತೆಗೆದಿದ್ದವು. ಅದು ಗೊತ್ತಿದ್ದರೂ ನನ್ನ ತಂಡ ನನ್ನದೇ ಅಲ್ವಾ, ಹೊಟ್ಟೆ ಉರಿಯುತ್ತದೆ.

ಇಷ್ಟೆಲ್ಲ ಆದರೂ ಬಿಡದೆ ಇರಲು ಒಂದು ಕಾರಣ ನನ್ನ ಭಾವ. ಅಕ್ಕನ ಗಂಡ. ಮಲ್ಪೆ ಬಂದರಿನಿಂದ ಕೇರಳಕ್ಕೆ ಮೀನಿನ ಲಾರಿ ಓಡಿಸುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟು ಇಳಿಯುವುದಿಲ್ಲ, ಭಾವನಿಗೂ ಲೋಡು ಇಲ್ಲ. ಹೋದ ವರ್ಷ ಆ ರಜೆಯಲ್ಲಿ ನಮ್ಮಲ್ಲಿಗೆ ಬಂದವರು ನಂಬರ್ ನೋಡಿ, "ಇದೆಂತ, ಟೋಕನ್ ತೆಗೊಂಡು ಕೂತಿದ್ದೀಯಾ?" ಎಂದು ಕೇಳಿದರು. ಲಾರಿ ಓಡಿಸುವ ಗೇಮ್ ಹಾಕಿಕೊಟ್ಟೆ.

ಚಾಪೆ ಮೇಲೆ ಕೂತು ಹೊಡೆದರು ನೋಡಿ. ಯುರೋಪಿನ ಹೆದ್ದಾರಿ, ನಲವತ್ತು ಟನ್ ಲೋಡು. ಮಳೆಯ ಲ್ಯಾಗ್ ಅವರಿಗೆ ಗೊತ್ತೇ ಆಗಲಿಲ್ಲ. "ಲೋಡು ಗಾಡಿ ಹೀಗೇ ಮಾರಾಯ, ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟೇ ತಿರುಗುವುದು" ಅಂದರು. ಹಾರ್ನ್ ಮಾತ್ರ ಸಾಲದು ಎಂದು ದೂರು. ಹತ್ತು ದಿನ ಎಡಗಡೆಗೇ ಹೋಗಿ ದಂಡ ಕಟ್ಟಿದರು, ಆಮೇಲೆ ಬಲಗಡೆ ಅಭ್ಯಾಸವಾಯಿತು. ಕ್ಯೂ ಬಗ್ಗೆ ಬೈದು ತೋರಿಸಿದೆ. ಅವರು ಕ್ಯಾರೇ ಅನ್ನಲಿಲ್ಲ. "ಬಂದರಿನಲ್ಲಿ ಬೆಳಗಿನ ಜಾವ ಮೂರಕ್ಕೆ ಗಾಡಿ ಹಾಕಿದರೆ ಲೋಡ್ ಆಗುವಾಗ ಹನ್ನೊಂದು. ಇದು ನಲವತ್ತು ನಿಮಿಷ. ಮೀನು ಹಾಳಾಗುವ ಹೆದರಿಕೆಯೂ ಇಲ್ಲ."

ಸ್ಟಾರ್ ಕೊಡಬೇಕಲ್ಲ. ಸೆಪ್ಟೆಂಬರಿನಿಂದ ಮೇ ತನಕ ನಾಲ್ಕು, ಮಳೆಗಾಲಕ್ಕೆ ಎರಡು. 23 ತಿಂಗಳಿಗೆ ನಾನು ಕಟ್ಟಿದ್ದು ಹೆಚ್ಚುಕಡಿಮೆ ಹದಿನಾಲ್ಕು ಸಾವಿರ, ಕಿಲುಬು ಹಿಡಿದು ಸತ್ತ ಕಾರ್ಡಿನ ಬೆಲೆ. ಘಟ್ಟದ ಮೇಲೆ ಒಣ ಗಾಳಿಯಲ್ಲಿ ಇರುವವರು, ವಾರಕ್ಕೆ ಹತ್ತು ಗಂಟೆಗಿಂತ ಜಾಸ್ತಿ ಆಡುವವರು ಸ್ವಂತ ಪಿಸಿಯನ್ನೇ ತೆಗೆದುಕೊಳ್ಳಿ. ತಿಂಗಳಿಗೆ ಎಷ್ಟು ಗಂಟೆ ಎಂಬ ಮಿತಿ ಇವರು ಈಚೆಗೆ ಶುರು ಮಾಡಿದ್ದಾರೆ, ಅದನ್ನು ನೋಡಿಕೊಂಡು ಕಟ್ಟಿ. ವರ್ಷದ ಪ್ಲಾನ್ ಬೇಡವೇ ಬೇಡ, ತಿಂಗಳು ತಿಂಗಳು ಕಟ್ಟಿ.

ನಾನು ಈ ಸಲ ಜೂನ್, ಜುಲೈ ಎರಡು ತಿಂಗಳು ನಿಲ್ಲಿಸುವ ಅಂತ ಇದ್ದೆ. ಮೇ 28ಕ್ಕೆ ಈಗಿನ ತಿಂಗಳು ಮುಗಿಯುತ್ತದೆ. ನಿನ್ನೆ ಅಕ್ಕನ ಫೋನ್ ಬಂತು. ಮಳೆ, ಮಕ್ಕಳ ಶಾಲೆ, ಅದು ಇದು ಮಾತಾಡಿ ಕೊನೆಗೆ ಕೇಳಿದಳು, "ಒಂದನೇ ತಾರೀಕಿನಿಂದ ಇವರು ಮನೆಯಲ್ಲೇ. ನಿನ್ನ ಆ ಲಾರಿ ಈ ಸಲವೂ ಉಂಟಲ್ಲ?"

ಉಂಟು ಅಂದೆ.